ಭಾಗಶಃ ಅಪಕರ್ಷಿತ ಮಾಲಿಬ್ಡಿನಮ್ ಆಕ್ಸೈಡ್‌ನಿಂದ ಹೆಕ್ಸೇನ್ ಸಮಾಂಗೀಕರಣ: ತಯಾರಿಯಿಂದ ಅಳತೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಾಲಿಬ್ಡಿನಮ್ ಟ್ರೈಆಕ್ಸೈಡ್ ಬಿಳಿಯ, ವಿದ್ಯುತ್ತನ್ನು ಹರಿಯಗೊಡದ ಪುಡಿ. ಅದರ ಮೇಲೆ ಹೆಕ್ಸೇನ್ ಆವಿಯನ್ನು ಹಾಯಿಸಿದರೆ ಮೊದಮೊದಲು ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ. ಅದೇ ಪುಡಿಯ ಆಕ್ಸಿಜನ್ ಪೂರ್ತಿ ಹೋಗಿ ಮಾಲಿಬ್ಡಿನಮ್ ಲೋಹವಷ್ಟೇ ಉಳಿದರೆ, ಅದು ಹೆಕ್ಸೇನಿನ ಕಾರ್ಬನ್ ಸರಪಳಿಯನ್ನು ಮೀಥೇನ್, ಈಥೇನ್‌ಗಳ ಮಟ್ಟಕ್ಕೆ ಕಡಿದುಹಾಕುತ್ತದೆ. ಈ ಎರಡು ತುದಿಗಳ ನಡುವೆ, ಆಕ್ಸಿಜನ್ ಒಂದಷ್ಟು ಹೋಗಿ ಒಂದಷ್ಟು ಉಳಿದ ಸ್ಥಿತಿಯಲ್ಲಿ, ಅದು ಸರಪಳಿಯನ್ನು ತುಂಡರಿಸದೆ ಆಕಾರವನ್ನಷ್ಟೇ ಬದಲಿಸಿ ಕವಲೊಡೆದ ಹೆಕ್ಸೇನ್‌ಗಳನ್ನು ಕೊಡುತ್ತದೆ. ಹೀಗೆ ಆಕ್ಸಿಜನ್ ಕಳೆಯುವುದೇ ಅಪಕರ್ಷಣೆ, ಅಣುವಿನ ಆಕಾರವಷ್ಟೇ ಬದಲಾಗುವುದು ಸಮಾಂಗೀಕರಣ, ತಾನು ಖರ್ಚಾಗದೆ ಕ್ರಿಯೆ ನಡೆಸಿಕೊಡುವ ವಸ್ತು ಕ್ರಿಯಾವರ್ಧಕ. ಆ ನಡುವಿನ ಸ್ಥಿತಿಯನ್ನು ಹೇಗೆ ಉಂಟುಮಾಡಬೇಕು, ಹೇಗೆ ಕಾಯ್ದುಕೊಳ್ಳಬೇಕು, ಅದು ನಿಜಕ್ಕೂ ಉಂಟಾಗಿದೆಯೆಂದು ಹೇಗೆ ತಿಳಿಯಬೇಕು ಎಂಬುದೇ ಈ ಬರಹದ ವಿಷಯ. ಬೆಂಗಳೂರಿನ ಕಾಲೇಜು ಅಥವಾ ಸಂಶೋಧನಾಲಯದಲ್ಲಿ ಒಂದು ಕೊಳವೆ ಕುಲುಮೆ, ಬೆರೆತ ಆವಿಗಳನ್ನು ಬೇರ್ಪಡಿಸಿ ಅಳೆಯುವ ಒಂದು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಮತ್ತು ಹೈಡ್ರೋಜನ್ ಸಿಲಿಂಡರ್ ಇಟ್ಟುಕೊಂಡು ಈ ಕೆಲಸಕ್ಕೆ ಇಳಿಯುವ ಎಂ.ಎಸ್ಸಿ. ಮತ್ತು ಪಿಎಚ್‌.ಡಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಕ್ರಿಯೆಗಳ ಪೈಕಿ ಹೆಕ್ಸೇನ್ ಸಮಾಂಗೀಕರಣವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನೇರ ಸರಪಳಿಯ ಹೆಕ್ಸೇನಿನ ಆಕ್ಟೇನ್ ಸಂಖ್ಯೆ (ಇಂಧನ ಎಂಜಿನ್ನಿನಲ್ಲಿ ಅಕಾಲದಲ್ಲಿ ಸಿಡಿಯದಿರುವ ಗುಣದ ಅಳತೆ) ಸುಮಾರು 25. ಒಂದು ಕವಲಿರುವ ಮೀಥೈಲ್ ಪೆಂಟೇನ್‌ಗಳದು 73ರಿಂದ 75. ಎರಡು ಕವಲಿರುವ 2,2-ಡೈಮೀಥೈಲ್ ಬ್ಯೂಟೇನಿನದು ಸುಮಾರು 92. ದೇಶದಾದ್ಯಂತ 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ವಾಹನ ಮಾಲಿನ್ಯ ತಗ್ಗಿಸುವ ಬಿಎಸ್-6 ಮಾನದಂಡದಲ್ಲಿ ಪೆಟ್ರೋಲಿನ ಬೆಂಜೀನ್ ಶೇ 1ನ್ನು ಮೀರುವಂತಿಲ್ಲವಾದ್ದರಿಂದ, ಆಕ್ಟೇನ್ ಸಂಖ್ಯೆಯನ್ನು ಆರೊಮ್ಯಾಟಿಕ್‌ಗಳ ಬದಲು ಕವಲುಗಳಿಂದ ಏರಿಸುವುದು ಸಂಸ್ಕರಣಾಗಾರಗಳಿಗೆ ಅಗತ್ಯ. ಆದರೆ ಅಲ್ಲಿ ಈ ಕೆಲಸವನ್ನು ಪ್ಲಾಟಿನಮ್ ಹೊತ್ತ ಕ್ಲೋರಿನೀಕೃತ ಅಲ್ಯುಮಿನಾ, ಜಿಯೊಲೈಟ್ ಅಥವಾ ಸಲ್ಫೇಟೀಕೃತ ಜಿರ್ಕೋನಿಯಾ ಮಾಡುತ್ತಿವೆ. ಮಾಲಿಬ್ಡಿನಮ್ ಆಕ್ಸೈಡ್ ಅವನ್ನು ಪಕ್ಕಕ್ಕೆ ಸರಿಸಿಲ್ಲ, ಸದ್ಯಕ್ಕೆ ಸರಿಸುವ ಸೂಚನೆಯೂ ನನಗೆ ಕಾಣುವುದಿಲ್ಲ. ಒಂದೇ ವಸ್ತುವಿನಲ್ಲಿ ಲೋಹದ ಗುಣ ಮತ್ತು ಆಮ್ಲದ ಗುಣ ಎರಡೂ ಹೇಗೆ ಹುಟ್ಟುತ್ತವೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ ಎಂಬುದೇ ಇದರ ನಿಜವಾದ ಆಕರ್ಷಣೆ.

ಮೊದಲು ತಿಳಿದಿರಬೇಕಾದ ರಸಾಯನಶಾಸ್ತ್ರ

ಟ್ರೈಆಕ್ಸೈಡ್‌ನಲ್ಲಿ ಮಾಲಿಬ್ಡಿನಮ್ +6 ಸ್ಥಿತಿಯಲ್ಲಿದೆ. ಅದರ ಡಿ ಕಕ್ಷಕದಲ್ಲಿ ಒಂದು ಎಲೆಕ್ಟ್ರಾನೂ ಉಳಿದಿಲ್ಲ. ಪ್ರತಿ ಮಾಲಿಬ್ಡಿನಮ್‌ಗೆ ಒಂದು ಆಕ್ಸಿಜನ್ ಪರಮಾಣು ನೀರಾಗಿ ಹೊರಟುಹೋದರೆ ಎರಡು ಎಲೆಕ್ಟ್ರಾನ್‌ಗಳು ಹಿಂದೆ ಉಳಿಯುತ್ತವೆ ಮತ್ತು ಡೈಆಕ್ಸೈಡ್ ರೂಪುಗೊಳ್ಳುತ್ತದೆ. ಡೈಆಕ್ಸೈಡ್‌ನ ರಚನೆ ತುಸು ವಿರೂಪಗೊಂಡ ರೂಟೈಲ್ ಮಾದರಿಯದು. ಅದರಲ್ಲಿ ಮಾಲಿಬ್ಡಿನಮ್ ಪರಮಾಣುಗಳು ಸಾಲಿನುದ್ದಕ್ಕೂ ಜೋಡಿಜೋಡಿಯಾಗಿ ನಿಂತಿದ್ದು, ಜೋಡಿಯೊಳಗಿನ ಅಂತರ ಸುಮಾರು 2.51 ಆಂಗ್‌ಸ್ಟ್ರಾಮ್, ಜೋಡಿಗಳ ನಡುವಿನ ಅಂತರ ಸುಮಾರು 3.11 ಆಂಗ್‌ಸ್ಟ್ರಾಮ್. ಉಳಿದ ಎಲೆಕ್ಟ್ರಾನ್‌ಗಳ ಒಂದು ಪಾಲು ಜೋಡಿಯ ಬಂಧಕ್ಕೆ ಹೋಗುತ್ತದೆ. ಇನ್ನೊಂದು ಪಾಲು ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಸ್ಫಟಿಕದಲ್ಲೆಲ್ಲ ಓಡಾಡುತ್ತದೆ. ಆಕ್ಸೈಡ್ ಆಗಿದ್ದೂ ಇದು ಲೋಹದಂತೆ ವಿದ್ಯುತ್ತನ್ನು ಹರಿಯಗೊಡುವುದು, ಹೈಡ್ರೋಜನ್ ಅಣುವನ್ನು ಮೇಲ್ಮೈಯಲ್ಲಿ ಎರಡಾಗಿ ಒಡೆಯಬಲ್ಲುದು ಇದೇ ಕಾರಣಕ್ಕೆ. ಹಾಗೆ ಒಡೆದ ಹೈಡ್ರೋಜನ್ ಪರಮಾಣುಗಳು ಮೇಲ್ಮೈಯ ಆಕ್ಸಿಜನ್‌ಗೆ ಅಂಟಿಕೊಂಡರೆ ಹೈಡ್ರಾಕ್ಸಿಲ್ ಗುಂಪುಗಳಾಗುತ್ತವೆ. ಅವು ಪ್ರೋಟಾನ್ ದಾನಮಾಡಬಲ್ಲ ಬ್ರಾನ್‌ಸ್ಟೆಡ್ ಆಮ್ಲ ಸ್ಥಾನಗಳು.

ಹೆಕ್ಸೇನಿನ ದಾರಿ ಈ ಎರಡೂ ಸ್ಥಾನಗಳ ಮೂಲಕ ಸಾಗುತ್ತದೆ. ಲೋಹದ ಗುಣವಿರುವ ಸ್ಥಾನ ಹೆಕ್ಸೇನಿನಿಂದ ಎರಡು ಹೈಡ್ರೋಜನ್ ಕಸಿದು ಹೆಕ್ಸೀನ್ ಮಾಡುತ್ತದೆ; ಹೆಕ್ಸೀನ್ ಪಕ್ಕದ ಆಮ್ಲ ಸ್ಥಾನಕ್ಕೆ ಸರಿದು ಪ್ರೋಟಾನ್ ಪಡೆದು ಧನ ವಿದ್ಯುದಂಶವಿರುವ ಕಾರ್ಬೀನಿಯಮ್ ಅಯಾನು ಆಗುತ್ತದೆ; ಅಯಾನು ತನ್ನ ಅಸ್ಥಿಪಂಜರವನ್ನು ಮರುಜೋಡಿಸಿಕೊಂಡು ಪ್ರೋಟಾನನ್ನು ಹಿಂದಿರುಗಿಸಿ ಕವಲೊಡೆದ ಆಲ್ಕೀನ್ ಆಗುತ್ತದೆ; ಕೊನೆಗೆ ಅದು ಮತ್ತೆ ಲೋಹದ ಗುಣದ ಸ್ಥಾನದಲ್ಲಿ ಹೈಡ್ರೋಜನ್ ಪಡೆದು ಮೀಥೈಲ್ ಪೆಂಟೇನ್ ಆಗಿ ಹೊರಬರುತ್ತದೆ. ಪ್ಲಾಟಿನಮ್-ಜಿಯೊಲೈಟ್‌ನಲ್ಲಿ ಇಬ್ಬರು ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಂದೇ ಆಕ್ಸೈಡ್ ಮಾಡುತ್ತದೆ ಎಂಬುದು ಈ ಆಕ್ಸೈಡ್ ಕುರಿತು ಸಂಶೋಧನೆ ನಡೆಸಿದ ಕಟ್ರಿಬ್ ಮತ್ತು ಅವರ ಸಹೋದ್ಯೋಗಿಗಳ ವಾದ.

ವಾದ ಎಂದದ್ದು ಬೇಕೆಂದೇ. ಸ್ಟ್ರಾಸ್‌ಬರ್ಗ್‌ನಲ್ಲಿ ಲೆದು ಮತ್ತಿತರರು ಹೈಡ್ರೋಜನ್-ಹೈಡ್ರೋಕಾರ್ಬನ್ ಮಿಶ್ರಣದಲ್ಲಿ ಇದೇ ಟ್ರೈಆಕ್ಸೈಡ್ ಕಾರ್ಬನ್ನನ್ನು ಒಳಗೆಳೆದುಕೊಂಡು ಆಕ್ಸಿಕಾರ್ಬೈಡ್ ಆಗುತ್ತದೆ, ಕ್ರಿಯೆ ನಡೆಸುವುದು ಆ ಆಕ್ಸಿಕಾರ್ಬೈಡ್ ಎಂದು ಹೇಳಿದ್ದಾರೆ. ಹೈಡ್ರೋಜನ್ ಪರಮಾಣುಗಳು ಪದರಗಳ ನಡುವೆ ನುಗ್ಗಿ ಉಂಟಾಗುವ ನೀಲಿ ಬಣ್ಣದ ಹೈಡ್ರೋಜನ್ ಬ್ರಾಂಜ್‌ಗೆ ಮಹತ್ವ ಕೊಡುವವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಈ ಮೂರು ಮಾತುಗಳೂ ಬೇರೆಬೇರೆ ತಯಾರಿಗಳನ್ನು ಕುರಿತವು. ಭಾಗಶಃ ಅಪಕರ್ಷಿತ ಆಕ್ಸೈಡ್ ಎಂಬುದು ಅನಿಲ, ತಾಪ ಮತ್ತು ನೀರಾವಿ ಸೇರಿ ಹಿಡಿದಿಟ್ಟಿರುವ ಒಂದು ಸ್ಥಿತಿ. ಆ ಮೂರರಲ್ಲಿ ಒಂದನ್ನು ಬದಲಿಸಿದರೂ ವಸ್ತು ಬದಲಾಗುತ್ತದೆ. ಆದ್ದರಿಂದ ಮಾದರಿಗೆ ಹೆಸರಿಡುವಾಗ ಊಹೆಯ ಸೂತ್ರದ ಬದಲು ‘ಶುದ್ಧ ಹೈಡ್ರೋಜನ್, 400 ಡಿಗ್ರಿ, 12 ಗಂಟೆ’ ಎಂಬಂತೆ ಅದರ ಚರಿತ್ರೆಯನ್ನೇ ಬರೆಯಿರಿ.

ಹೀಗೆ ಅಪಕರ್ಷಿತ ಸ್ಥಿತಿಯಲ್ಲಿ ದುಡಿಯುವ ಆಕ್ಸೈಡುಗಳ ಕುಟುಂಬ ದೊಡ್ಡದು. ಈಥೈಲ್ ಬೆಂಜೀನಿನಿಂದ ಸ್ಟೈರೀನ್ ತಯಾರಿಸುವ ಪೊಟ್ಯಾಸಿಯಮ್ ಬೆರೆತ ಕಬ್ಬಿಣದ ಆಕ್ಸೈಡ್, ಹಬೆಯ ಜೊತೆ ಸುಮಾರು 600 ಡಿಗ್ರಿಯಲ್ಲಿ ಕೆಲಸಮಾಡುವಾಗ ಒಂದಷ್ಟು ಮ್ಯಾಗ್ನಟೈಟ್ ಆಗಿಯೇ ಇರುತ್ತದೆ. ಪ್ರೊಪೇನಿನಿಂದ ಹೈಡ್ರೋಜನ್ ತೆಗೆಯುವ ಕ್ರೋಮಿಯಮ್-ಅಲ್ಯುಮಿನಾದಲ್ಲಿ +6 ಕ್ರೋಮಿಯಮ್ ಉಳಿದರೆ ಪ್ರೊಪೇನ್ ಸುಟ್ಟುಹೋಗುತ್ತದೆ. +3ಕ್ಕೆ ಇಳಿಸಿದ ಮೇಲಷ್ಟೇ ಅದು ನೆಟ್ಟಗೆ ದುಡಿಯುತ್ತದೆ. ಹೋಗನ್ ಮತ್ತು ಬ್ಯಾಂಕ್ಸ್ 1951ರಲ್ಲಿ ಕಂಡುಕೊಂಡ ಫಿಲಿಪ್ಸ್ ಕ್ರಿಯಾವರ್ಧಕದಲ್ಲಿ ಎಥಿಲೀನ್ ತಾನೇ ಕ್ರೋಮಿಯಮ್ ಅನ್ನು ಅಪಕರ್ಷಿಸಿ, ಬಳಿಕ ಅದರ ಮೇಲೆ ಪಾಲಿಥೀನ್ ಆಗಿ ಬೆಳೆಯುತ್ತದೆ. ಬ್ಯೂಟೇನಿನಿಂದ ಮ್ಯಾಲಿಯಿಕ್ ಅನ್‌ಹೈಡ್ರೈಡ್ ಮಾಡುವ ವನೇಡಿಯಮ್-ರಂಜಕ ಆಕ್ಸೈಡ್‌ನಲ್ಲಿ ವನೇಡಿಯಮ್ ಬಹುಪಾಲು +4 ಸ್ಥಿತಿಯಲ್ಲಿದೆ. ಈ ಕೊನೆಯ ಬಗೆಯ ಉತ್ಕರ್ಷಣಗಳಲ್ಲಿ ಹೈಡ್ರೋಕಾರ್ಬನ್‌ಗೆ ಆಕ್ಸಿಜನ್ ಸಿಗುವುದು ಗಾಳಿಯಿಂದ ನೇರವಾಗಿ ಅಲ್ಲದೆ ಆಕ್ಸೈಡ್‌ನ ಜಾಲಕದಿಂದ; ಖಾಲಿಯಾದ ಸ್ಥಾನವನ್ನು ಗಾಳಿ ಆಮೇಲೆ ತುಂಬುತ್ತದೆ. 1954ರಲ್ಲಿ ಮಾರ್ಸ್ ಮತ್ತು ವಾನ್ ಕ್ರೆವೆಲೆನ್ ಮಂಡಿಸಿದ ಈ ಚಿತ್ರವನ್ನು ಹೆಕ್ಸೇನ್ ಸಮಾಂಗೀಕರಣಕ್ಕೆ ಎಳೆದು ತರಬೇಡಿ. ಇಲ್ಲಿ ಉತ್ಪನ್ನಕ್ಕೆ ಆಕ್ಸಿಜನ್ ಸೇರುವುದೇ ಇಲ್ಲ.

ಸಲಕರಣೆ ಮತ್ತು ಸುರಕ್ಷತೆ

ಒಳವ್ಯಾಸ 6 ಮಿ.ಮೀ. ಇರುವ ಕ್ವಾರ್ಟ್ಜ್ ಕೊಳವೆ, ಪ್ರೋಗ್ರಾಂ ಮಾಡಬಹುದಾದ ಕುಲುಮೆ, ಹರಿವು ನಿಯಂತ್ರಕಗಳು, ಅನಿಲವನ್ನು ದ್ರವದೊಳಗೆ ಗುಳ್ಳೆಗಳಾಗಿ ಹಾಯಿಸುವ ಗಾಜಿನ ಬಬ್ಲರ್ ಮತ್ತು ಜ್ವಾಲಾ ಅಯಾನೀಕರಣ ಸಂವೇದಕವಿರುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಇದ್ದರೆ ಸಾಕು. ಕುಲುಮೆಯನ್ನು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಹೇಳಿ ಮಾಡಿಸಿಕೊಳ್ಳಬಹುದು, ಎಸ್‌.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ಕುಲುಮೆಗೆ ಬೇಕಾದ ಬಿಡಿಭಾಗಗಳು ಸಿಕ್ಕಾವು. ಆದರೆ ಹೈಡ್ರೋಜನ್ ಹರಿಯುವ ಮಾರ್ಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಮತ್ತು ಎರಡು ಫೆರೂಲ್‌ಗಳ ಒತ್ತು ಜೋಡಣೆಗಳನ್ನೇ ಬಳಸಿ. ಈ ಒಂದು ಕಡೆ ಉಳಿತಾಯದ ಯೋಚನೆ ಬೇಡ.

ಗಾಳಿಯಲ್ಲಿ ಹೈಡ್ರೋಜನ್ ಶೇ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳಬಲ್ಲುದು. ಹೆಕ್ಸೇನ್ ಶೇ 1.1ಕ್ಕೇ ಹೊತ್ತಿಕೊಳ್ಳುವ ಮಟ್ಟ ಮುಟ್ಟುತ್ತದೆ, ಮತ್ತು ದೀರ್ಘಕಾಲ ಉಸಿರಾಡಿದರೆ ಕೈಕಾಲಿನ ನರಗಳಿಗೆ ಹಾನಿಮಾಡುತ್ತದೆ. ಸಿಲಿಂಡರನ್ನು ಗೋಡೆಗೆ ಸರಪಳಿಯಿಂದ ಬಿಗಿಯಿರಿ, ಹೊರಹರಿವನ್ನು ಫ್ಯೂಮ್ ಹುಡ್‌ಗೆ ಕೊಡಿ, ಜೋಡಣೆಗಳನ್ನು ಪ್ರತಿ ಸಲವೂ ಮೊದಲು ನೈಟ್ರೋಜನ್ ತುಂಬಿ ಸೋರಿಕೆಗಾಗಿ ಪರೀಕ್ಷಿಸಿ. ಬೆಂಗಳೂರಿನಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು: ಮಳೆಗಾಲದ ಸಂಜೆ ವಿದ್ಯುತ್ ಹೋದರೆ ಹರಿವು ನಿಯಂತ್ರಕಗಳು ಮುಚ್ಚಿಕೊಳ್ಳುತ್ತವೆ, ಕುಲುಮೆ ತಣಿಯುತ್ತ ಹೋದಂತೆ ಕೊಳವೆಯೊಳಗಿನ ಅನಿಲ ಕುಗ್ಗುತ್ತದೆ, ಹೊರತುದಿಯಿಂದ ಗಾಳಿ ಹಿಂದಕ್ಕೆ ನುಗ್ಗುತ್ತದೆ. ಹಗಲೆಲ್ಲ ಅಪಕರ್ಷಿಸಿದ ಮಾದರಿ ಹಾಳಾಗುವುದು ಒಂದೆಡೆ. ಬಿಸಿ ಕೊಳವೆಯಲ್ಲಿ ಹೈಡ್ರೋಜನ್ ಮತ್ತು ಗಾಳಿ ಬೆರೆಯುವುದು ಅದಕ್ಕಿಂತ ದೊಡ್ಡ ಅಪಾಯ. ಹೊರತುದಿಯಲ್ಲಿ ಹಿಂಹರಿವು ತಡೆಯುವ ಕವಾಟ, ನಿಯಂತ್ರಕಗಳಿಗೆ ಯುಪಿಎಸ್, ಮತ್ತು ವಿದ್ಯುತ್ ಹೋದೊಡನೆ ತೆರೆದುಕೊಳ್ಳುವ ನೈಟ್ರೋಜನ್ ಕವಾಟ ಈ ಮೂರೂ ಇರಬೇಕು.

ಹಂತ 1: ಕ್ರಿಯಾವರ್ಧಕದ ತಯಾರಿ

ಮಾಲಿಬ್ಡಿನಮ್ ಆಕ್ಸೈಡನ್ನು ಹೊರುವ ಆಧಾರವಾಗಿ ಗ್ರಾಂ ಒಂದಕ್ಕೆ 50 ಚದರ ಮೀಟರ್ ಮೇಲ್ಮೈ ಇರುವ ಪಿ-25 ಮಾದರಿಯ ಟೈಟಾನಿಯಾ (ಟೈಟಾನಿಯಮ್ ಆಕ್ಸೈಡ್) ತೆಗೆದುಕೊಳ್ಳಿ. ಮೇಲ್ಮೈಯ ಪ್ರತಿ ಚದರ ನ್ಯಾನೋಮೀಟರ್‌ಗೆ ಸುಮಾರು 5 ಮಾಲಿಬ್ಡಿನಮ್ ಪರಮಾಣುಗಳು ಕೂತರೆ ಒಂದು ಪದರ ಪೂರ್ಣವಾಯಿತೆಂದು ಲೆಕ್ಕ. ಹಾಗಾದರೆ 10 ಗ್ರಾಂ ಆಧಾರಕ್ಕೆ ಒಂದು ಪದರವೆಂದರೆ ಸುಮಾರು 4.15 ಮಿಲಿಮೋಲ್ ಮಾಲಿಬ್ಡಿನಮ್, ಅಂದರೆ 0.73 ಗ್ರಾಂ ಅಮೋನಿಯಮ್ ಹೆಪ್ಟಾಮಾಲಿಬ್ಡೇಟ್. ಒಂದು ಪದರದೊಳಗೆ ನಿಂತರೆ ಪ್ರತಿ ಮಾಲಿಬ್ಡಿನಮ್ ಆಕ್ಸಿಜನ್ ಸೇತುವೆಯ ಮೂಲಕ ಟೈಟಾನಿಯಮ್‌ಗೆ ಕಟ್ಟಿಬಿದ್ದಿರುತ್ತದೆ. ಡೈಆಕ್ಸೈಡ್ ಸ್ಫಟಿಕ ಮೂಡುವುದಕ್ಕೆ ಅಲ್ಲಿ ಜಾಗವಿಲ್ಲ. ನಮಗೆ ಬೇಕಾದ ಲೋಹದ ಗುಣ ಮಾಲಿಬ್ಡಿನಮ್ ಸಾಲುಗಳಿಂದ ಬರುವುದಾದ್ದರಿಂದ ಐದು ಪದರಗಳಷ್ಟು, ಅಂದರೆ 3.66 ಗ್ರಾಂ ಲವಣ, ಹಾಕಿ. ಸುಟ್ಟ ಮೇಲೆ ಉಳಿಯುವ ಟ್ರೈಆಕ್ಸೈಡ್ ತೂಕದಲ್ಲಿ ಸುಮಾರು ಶೇ 23.

ಆಧಾರದ ಪುಡಿ ಎಷ್ಟು ನೀರು ಹೀರುತ್ತದೆಂದು ಮೊದಲು ಒಂದು ಗ್ರಾಂ ಮೇಲೆ ಹನಿಹನಿಯಾಗಿ ಹಾಕಿ ನೋಡಿ. ಪುಡಿ ಉದುರುವುದು ನಿಂತು ಒದ್ದೆ ಹೊಳಪು ಬಂದ ಕ್ಷಣವೇ ಮಿತಿ. ಅಷ್ಟೇ ನೀರಿನಲ್ಲಿ ಲವಣ ಪೂರ್ತಿ ಕರಗದಿದ್ದರೆ ಎರಡು ಕಂತಿನಲ್ಲಿ ಹಾಕಿ, ನಡುವೆ ಒಮ್ಮೆ ಒಣಗಿಸಿ. ಬಳಿಕ 110 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ಗಾಳಿಯಲ್ಲಿ 500 ಡಿಗ್ರಿಯಲ್ಲಿ 4 ಗಂಟೆ ಸುಡಿ. 700 ಡಿಗ್ರಿ ಸಮೀಪಿಸಿದರೆ ಟ್ರೈಆಕ್ಸೈಡ್ ಗಣನೀಯವಾಗಿ ಉತ್ಪತನಗೊಂಡು ಕುಲುಮೆಯ ತಣ್ಣನೆಯ ತುದಿಯಲ್ಲಿ ಹರಳುಗಟ್ಟುತ್ತದೆ. ನಿಮ್ಮ ಶೇ 23ರ ಲೆಕ್ಕವೂ ಅದರೊಂದಿಗೆ ಹೋಗುತ್ತದೆ. ತಣಿದ ಪುಡಿಯನ್ನು ಒತ್ತಿ, ಒಡೆದು, 150ರಿಂದ 250 ಮೈಕ್ರೋಮೀಟರ್ ನಡುವಿನ ಕಣಗಳನ್ನು ಜರಡಿ ಹಿಡಿದು ತೆಗೆದಿಡಿ. ಇದೇ ಜೊತೆಗೆ ಆಧಾರವಿಲ್ಲದ ಶುದ್ಧ ಟ್ರೈಆಕ್ಸೈಡ್ ಒಂದಷ್ಟನ್ನೂ ಇಟ್ಟುಕೊಳ್ಳಿ. ಅದು ಏಕೆ ಬೇಕೆಂಬುದು ಹಂತ 2 ಮತ್ತು 4ರಲ್ಲಿ ತಿಳಿಯುತ್ತದೆ.

ಹಂತ 2: ತಾಪ ಏರಿಸುತ್ತ ಅಪಕರ್ಷಣೆಯನ್ನು ಗಮನಿಸುವುದು

ಪ್ರಯೋಗಾಲಯಗಳಲ್ಲಿ ಟಿಪಿಆರ್ ಎಂದೇ ಕರೆಯುವ ಈ ಪರೀಕ್ಷೆಯಲ್ಲಿ ಆರ್ಗಾನ್‌ನಲ್ಲಿ ಶೇ 5 ಹೈಡ್ರೋಜನ್ ಇರುವ ಅನಿಲವನ್ನು ನಿಮಿಷಕ್ಕೆ 30 ಮಿ.ಲೀ. ಹಾಯಿಸುತ್ತ, ನಿಮಿಷಕ್ಕೆ 10 ಡಿಗ್ರಿಯಂತೆ ತಾಪ ಏರಿಸಿ, ಹೈಡ್ರೋಜನ್ ಎಲ್ಲೆಲ್ಲಿ ಎಷ್ಟೆಷ್ಟು ಖರ್ಚಾಗುತ್ತದೆಂದು ಉಷ್ಣವಾಹಕತಾ ಸಂವೇದಕದಿಂದ ಅಳೆಯುತ್ತೇವೆ. ಸಂವೇದಕಕ್ಕೆ ಮುನ್ನ ನೀರನ್ನು ಹಿಡಿದಿಡುವ ಬಲೆ ಇರಬೇಕು. ಮಾದರಿಯ ತೂಕವನ್ನು ಮನಸ್ಸಿಗೆ ಬಂದಂತೆ ಆರಿಸಬಾರದು. ಮೊಂಟಿ ಮತ್ತು ಬೈಕರ್ ಸೂಚಿಸಿದ ಅಳತೆಯಂತೆ, ಅಪಕರ್ಷಿಸಬಹುದಾದ ಪದಾರ್ಥದ ಮೈಕ್ರೋಮೋಲ್‌ಗಳನ್ನು ಸೆಕೆಂಡಿಗೆ ಹರಿಯುವ ಹೈಡ್ರೋಜನ್‌ನ ಮೈಕ್ರೋಮೋಲ್‌ಗಳಿಂದ ಭಾಗಿಸಿದರೆ ಬರುವ ಸಂಖ್ಯೆ 55ರಿಂದ 140 ಸೆಕೆಂಡಿನೊಳಗಿರಬೇಕು. ನಮ್ಮ ಮಾದರಿಯ 60 ಮಿಲಿಗ್ರಾಂನಲ್ಲಿ ಸುಮಾರು 96 ಮೈಕ್ರೋಮೋಲ್ ಮಾಲಿಬ್ಡಿನಮ್ ಇದೆ. ಹರಿಯುವ ಹೈಡ್ರೋಜನ್ ಸೆಕೆಂಡಿಗೆ ಸುಮಾರು 1 ಮೈಕ್ರೋಮೋಲ್. ಆದ್ದರಿಂದ 60 ಮಿಲಿಗ್ರಾಂ ಸರಿಯಾದ ತೂಕ.

ಆಧಾರವಿಲ್ಲದ ಟ್ರೈಆಕ್ಸೈಡ್‌ನಲ್ಲಿ ಎರಡು ಮುಖ್ಯ ಉಬ್ಬುಗಳು ಕಾಣುತ್ತವೆ: ಮೊದಲನೆಯದು ಡೈಆಕ್ಸೈಡ್‌ಗೆ ಇಳಿಯುವುದು, ಸಾಕಷ್ಟು ಮೇಲಿನ ತಾಪದಲ್ಲಿ ಬರುವ ಎರಡನೆಯದು ಡೈಆಕ್ಸೈಡ್ ಲೋಹಕ್ಕೆ ಇಳಿಯುವುದು. ಉಬ್ಬಿನ ತುದಿ ಕಾಣಿಸುವ ತಾಪ ಆ ಘಟನೆ ಆರಂಭವಾಗುವ ತಾಪವಲ್ಲ ಎಂಬುದನ್ನು ಮರೆಯಬೇಡಿ. ನಿಮಿಷಕ್ಕೆ 10 ಡಿಗ್ರಿ ಏರುವಾಗ 600 ಡಿಗ್ರಿಯ ಹತ್ತಿರ ಕಾಣುವ ಉಬ್ಬು, ಶುದ್ಧ ಹೈಡ್ರೋಜನ್‌ನಲ್ಲಿ ಗಂಟೆಗಟ್ಟಲೆ ನಿಲ್ಲಿಸಿದರೆ 400 ಡಿಗ್ರಿಯಲ್ಲೇ ಮುಗಿದುಹೋಗಬಹುದು. ಸಂವೇದಕದ ಮಾಪನಾಂಕವನ್ನು ತೂಕ ಗೊತ್ತಿರುವ ತಾಮ್ರದ ಆಕ್ಸೈಡ್‌ನಿಂದ ನಿರ್ಧರಿಸಿಕೊಳ್ಳಿ.

ಹಂತ 3: ಕೊಳವೆಯೊಳಗೇ ಅಪಕರ್ಷಣೆ

ಕ್ವಾರ್ಟ್ಜ್ ಉಣ್ಣೆಯ ಮೇಲೆ 0.2 ಗ್ರಾಂ ಕ್ರಿಯಾವರ್ಧಕವನ್ನು ಸಿಲಿಕಾನ್ ಕಾರ್ಬೈಡ್ ಜೊತೆ ಬೆರೆಸಿ ತುಂಬಿ. ಮೊದಲು ನೈಟ್ರೋಜನ್‌ನಲ್ಲಿ 150 ಡಿಗ್ರಿವರೆಗೆ ಏರಿಸಿ ತೇವ ತೆಗೆಯಿರಿ; ಬಳಿಕ ಶುದ್ಧ ಹೈಡ್ರೋಜನ್ ನಿಮಿಷಕ್ಕೆ 50 ಮಿ.ಲೀ. ಹರಿಸುತ್ತ ನಿಮಿಷಕ್ಕೆ 5 ಡಿಗ್ರಿಯಂತೆ 400 ಡಿಗ್ರಿಗೆ ಏರಿಸಿ 12 ಗಂಟೆ ನಿಲ್ಲಿಸಿ. ಇದು ಆರಂಭದ ಬಿಂದು ಮಾತ್ರ. ನಿಜವಾದ ಪ್ರಯೋಗವೆಂದರೆ ಪ್ರತಿ ಸಲ ಹೊಸ ಮಾದರಿ ಹಾಕಿ 350, 400, 450 ಮತ್ತು 500 ಡಿಗ್ರಿಗಳಲ್ಲಿ ಅಪಕರ್ಷಿಸಿ, ಆ ಬಳಿಕ ಎಲ್ಲವನ್ನೂ ಒಂದೇ ತಾಪದಲ್ಲಿ ಹೆಕ್ಸೇನ್‌ಗೆ ಒಡ್ಡುವುದು. ಒಂದೇ ಮಾದರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಅಳೆದರೆ ಸಮಯ ಉಳಿಯುತ್ತದೆ, ಆದರೆ ಹಿಂದಿನ ಮೆಟ್ಟಿಲಿನಲ್ಲಿ ಕೂತ ಕಾರ್ಬನ್ ಮುಂದಿನ ಮೆಟ್ಟಿಲಿನ ಫಲಿತಾಂಶವನ್ನು ಕೆಡಿಸುತ್ತದೆ.

ನೀರಾವಿಯೇ ಇಲ್ಲಿನ ಗುಪ್ತ ಹಿಡಿಕೆ. ಟ್ರೈಆಕ್ಸೈಡ್ ಡೈಆಕ್ಸೈಡ್‌ಗೆ ಇಳಿಯುವುದನ್ನು ನೀರು ತಡೆಯಲಾರದು. ಆ ಸಮತೋಲನ ಪೂರ್ತಿ ಬಲಕ್ಕೆ ವಾಲಿದೆ. ಡೈಆಕ್ಸೈಡ್ ಲೋಹಕ್ಕೆ ಇಳಿಯುವುದನ್ನಾದರೋ ಈ ತಾಪದಲ್ಲಿ ಹೈಡ್ರೋಜನ್‌ನೊಳಗಿನ ಕೆಲವೇ ಪ್ರತಿಶತ ನೀರಾವಿಯೂ ಹಿಮ್ಮೆಟ್ಟಿಸಬಲ್ಲುದು. ಹೈಡ್ರೋಜನನ್ನು 25 ಡಿಗ್ರಿಯ ನೀರಿನ ಬಬ್ಲರ್ ಮೂಲಕ ಹಾಯಿಸಿದರೆ ನೀರಿನ ಆವಿ ಒತ್ತಡ 3.17 ಕಿಲೋಪಾಸ್ಕಲ್, ಅಂದರೆ ಆ ಕೆಲವೇ ಪ್ರತಿಶತದಷ್ಟು. ಕೊಳವೆಯಲ್ಲಿ ತುಂಬಿದ ಕ್ರಿಯಾವರ್ಧಕದ ಹಾಸಿಗೆ ದಪ್ಪವಾಗಿದ್ದರೆ ಅಥವಾ ಹರಿವು ಕಡಿಮೆಯಿದ್ದರೆ, ಮೇಲ್ಭಾಗದಲ್ಲಿ ಹುಟ್ಟಿದ ನೀರು ಕೆಳಭಾಗದ ಕಣಗಳಿಗೆ ಬೇರೆಯದೇ ಅನಿಲವನ್ನು ಕೊಡುತ್ತದೆ. ಒಂದೇ ಕೊಳವೆಯಲ್ಲಿ ಎರಡು ಬಗೆಯ ಕ್ರಿಯಾವರ್ಧಕ ಸಿದ್ಧವಾಗುವುದು ಹೀಗೆ. ಬೇರೆಬೇರೆ ಪ್ರಯೋಗಾಲಯಗಳ ಫಲಿತಾಂಶ ಹೊಂದದಿರುವುದಕ್ಕೆ ಇದೊಂದು ಮುಖ್ಯ ಕಾರಣವೆಂದು ನನ್ನ ಅಂದಾಜು.

ಹಂತ 4: ಎಷ್ಟು ಅಪಕರ್ಷಣೆಯಾಯಿತೆಂದು ಅಳೆಯುವುದು

ಹೆಚ್ಚಿನವರು ಎಡವುವುದು ಈ ಹಂತದಲ್ಲಿ, ಏಕೆಂದರೆ ಪ್ರತಿ ಉಪಕರಣವೂ ಸತ್ಯದ ಒಂದು ಪಾಲನ್ನಷ್ಟೇ ಹೇಳುತ್ತದೆ.

ಕಣ್ಣಿನಿಂದ ಶುರುಮಾಡಿ. ಬಿಳಿ ಅಥವಾ ತಿಳಿಹಳದಿ ಟ್ರೈಆಕ್ಸೈಡ್ ಸ್ವಲ್ಪ ಅಪಕರ್ಷಿತವಾದರೆ ನೀಲಿಯಾಗುತ್ತದೆ, ಡೈಆಕ್ಸೈಡ್ ಕಂದುಗಪ್ಪು. ಬಣ್ಣ ಪ್ರಮಾಣವನ್ನು ಹೇಳದು, ಆದರೆ ಹಾಸಿಗೆಯ ಮೇಲೆ-ಕೆಳಗೆ ಬಣ್ಣ ಬೇರೆಯಿದ್ದರೆ ಮೇಲೆ ಹೇಳಿದ ನೀರಿನ ತೊಂದರೆ ನಿಮ್ಮಲ್ಲೂ ಇದೆ ಎಂದು ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ಲೆಕ್ಕ ಇಡುವ ಕೆಲಸ. ಖರ್ಚಾದ ಹೈಡ್ರೋಜನ್ ಅಣುಗಳನ್ನು ಮಾಲಿಬ್ಡಿನಮ್ ಪರಮಾಣುಗಳಿಂದ ಭಾಗಿಸಿ, ಎರಡರಿಂದ ಗುಣಿಸಿ, ಆರರಿಂದ ಕಳೆದರೆ ಸರಾಸರಿ ಉತ್ಕರ್ಷಣ ಸ್ಥಿತಿ ಬರುತ್ತದೆ. ಇದನ್ನು ಪರಿಶೀಲಿಸಲು ಅಪಕರ್ಷಿತ ಮಾದರಿಯನ್ನು ಉಷ್ಣತೂಕಮಾಪಕದಲ್ಲಿ ಗಾಳಿಗೆ ಒಡ್ಡಿ ತೂಕದ ಏರಿಕೆ ನೋಡಬಹುದು. ಶುದ್ಧ ಡೈಆಕ್ಸೈಡ್ ಟ್ರೈಆಕ್ಸೈಡ್‌ಗೆ ಮರಳಿದರೆ ತೂಕ ಶೇ 12.5 ಏರುತ್ತದೆ, ನಮ್ಮ ಶೇ 23ರ ಮಾದರಿಯಲ್ಲಿ ಈ ಏರಿಕೆ ಶೇ 2.6 ಮಾತ್ರ, ಅಂದರೆ 50 ಮಿಲಿಗ್ರಾಂಗೆ ಸುಮಾರು 1.3 ಮಿಲಿಗ್ರಾಂ. ಹೀಗಾಗಿ ಆಧಾರ ಹೀರಿಕೊಂಡಿದ್ದ ತೇವ ಅರ್ಧ ಮಿಲಿಗ್ರಾಂ ಹೋದರೂ ಉತ್ತರ ತಲೆಕೆಳಗಾಗುತ್ತದೆ.

ಈ ಎರಡು ಲೆಕ್ಕಗಳು ಹೊಂದದಿದ್ದರೆ ಗಾಬರಿಯಾಗದೆ ಆ ವ್ಯತ್ಯಾಸವನ್ನೇ ಓದಿ. ಹೈಡ್ರೋಜನ್ ಬ್ರಾಂಜ್‌ನಲ್ಲಿ ಮಾಲಿಬ್ಡಿನಮ್ ಅಪಕರ್ಷಿತವಾಗಿದ್ದರೂ ಆಕ್ಸಿಜನ್ ಹೊರಗೆ ಹೋಗಿರುವುದಿಲ್ಲ. ಬದಲಿಗೆ ಹೈಡ್ರೋಜನ್ ಒಳಗೆ ಬಂದಿರುತ್ತದೆ. ಹೈಡ್ರೋಜನ್ ಖರ್ಚಿನ ಲೆಕ್ಕದಲ್ಲಿ ಅದು ಅಪಕರ್ಷಣೆಯಾಗಿಯೇ ತೋರುತ್ತದೆ. ಗಾಳಿಯಲ್ಲಿ ಸುಟ್ಟಾಗಲಾದರೋ ಆ ಹೈಡ್ರೋಜನ್ ನೀರಾಗಿ ಹೋಗಿ ತೂಕ ಏರುವ ಬದಲು ಕೊಂಚ ಇಳಿಯುತ್ತದೆ. ಹಾಗಾಗಿ ಹೈಡ್ರೋಜನ್ ಖರ್ಚು ಹೆಚ್ಚಿದ್ದು ತೂಕದ ಏರಿಕೆ ಕಡಿಮೆಯಿದ್ದರೆ ಬ್ರಾಂಜ್ ಅಥವಾ ಹೈಡ್ರಾಕ್ಸಿಲ್‌ಗಳ ಪಾಲು ದೊಡ್ಡದಿದೆ ಎಂದು ಶಂಕಿಸಬಹುದು. ಮಾದರಿ ಈಗಾಗಲೇ ಹೆಕ್ಸೇನ್ ಕಂಡಿದ್ದರೆ ಈ ವಿಧಾನ ಕೆಲಸಕ್ಕೆ ಬಾರದು, ಕಾರ್ಬನ್ ಉರಿದು ತೂಕ ಇಳಿಸುತ್ತದೆ. ಹೊರಬರುವ ಅನಿಲವನ್ನು ದ್ರವ್ಯರಾಶಿ ರೋಹಿತಮಾಪಕದಲ್ಲಿ ನೋಡಿದರೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್‌ಗಳನ್ನು ಬೇರ್ಪಡಿಸಬಹುದು.

ಎಕ್ಸ್-ಕಿರಣ ವಿವರ್ತನೆಯಲ್ಲಿ ಟೈಟಾನಿಯಾ ಅಡ್ಡ ಬರುತ್ತದೆ. ತಾಮ್ರದ ಕಿರಣದಲ್ಲಿ ಡೈಆಕ್ಸೈಡ್‌ನ ಮುಖ್ಯ ರೇಖೆಗಳು 26.0, 37.0 ಮತ್ತು 53.5 ಡಿಗ್ರಿಗಳ ಆಸುಪಾಸಿನಲ್ಲಿವೆ. ಪಿ-25ರಲ್ಲಿರುವ, ಟೈಟಾನಿಯಾದ ಒಂದು ಸ್ಫಟಿಕ ರೂಪವಾದ ಅನಟೇಸ್‌ನ ರೇಖೆಗಳು 25.3, 37.8 ಮತ್ತು 53.9ರಲ್ಲಿ. ಸಣ್ಣ ಸ್ಫಟಿಕಗಳ ಅಗಲವಾದ ರೇಖೆಗಳು ಇವುಗಳಡಿ ಮುಚ್ಚಿಹೋಗುತ್ತವೆ. ಟ್ರೈಆಕ್ಸೈಡ್‌ನ 12.8 ಡಿಗ್ರಿಯ ರೇಖೆ ಯಾರ ತಂಟೆಯೂ ಇಲ್ಲದೆ ನಿಂತಿದೆ. ಅದು ಮಾಯವಾದದ್ದನ್ನು ನಂಬಬಹುದು, ಡೈಆಕ್ಸೈಡ್ ಬಂದದ್ದನ್ನು ನಂಬಲು ಆಧಾರವಿಲ್ಲದ ಮಾದರಿಯನ್ನು ಅದೇ ರೀತಿ ಅಪಕರ್ಷಿಸಿ ನೋಡಬೇಕು.

ಮೇಲ್ಮೈಗೆ ಎಕ್ಸ್‌ಪಿಎಸ್, ಅಂದರೆ ಎಕ್ಸ್-ಕಿರಣ ಬಿದ್ದಾಗ ಹೊರಚಿಮ್ಮುವ ಎಲೆಕ್ಟ್ರಾನುಗಳ ಶಕ್ತಿ ಅಳೆಯುವ ವಿಧಾನ. ಮಾಲಿಬ್ಡಿನಮ್ 3ಡಿ ರೇಖೆ +6ಕ್ಕೆ ಸುಮಾರು 232.6, +4ಕ್ಕೆ ಸುಮಾರು 229.5, ಲೋಹಕ್ಕೆ ಸುಮಾರು 228 ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಬರುತ್ತದೆ, ಪ್ರತಿಯೊಂದಕ್ಕೂ 3.1 ಎಲೆಕ್ಟ್ರಾನ್ ವೋಲ್ಟ್ ದೂರದಲ್ಲಿ ಒಂದು ಜೊತೆ ರೇಖೆ ಇರುತ್ತದೆ. ಕಾರ್ಬನ್ ಕೂತ ಮಾದರಿಯಲ್ಲಿ ಕಾರ್ಬನ್ ರೇಖೆಯನ್ನು ಅಳತೆಗೋಲು ಮಾಡಿಕೊಳ್ಳುವುದಕ್ಕಿಂತ ಟೈಟಾನಿಯಮ್‌ನ 458.8ರ ರೇಖೆಯನ್ನು ಬಳಸುವುದು ಮೇಲು. ಶುದ್ಧ ಡೈಆಕ್ಸೈಡ್‌ನಲ್ಲೂ ಓಡಾಡುವ ಎಲೆಕ್ಟ್ರಾನ್‌ಗಳ ಪ್ರಭಾವದಿಂದ ಮುಖ್ಯ ರೇಖೆಯ ಎತ್ತರದ ಬದಿಯಲ್ಲಿ, 231ರ ಆಸುಪಾಸಿನಲ್ಲಿ, ಇನ್ನೊಂದು ಉಬ್ಬು ಏಳುತ್ತದೆ. ಅದನ್ನು +5 ಎಂದು ಹೆಸರಿಸಿ ಶೇಕಡಾವಾರು ಕೊಡುವ ಪ್ರಬಂಧಗಳು ಬೇಕಾದಷ್ಟಿವೆ. ನೀವು ಆ ಸಾಲಿಗೆ ಸೇರಬೇಡಿ. ಬಿಡಿಯಾಗಿರುವ +5 ಇದೆಯೇ ಎಂದು ತಿಳಿಯಲು ಇಪಿಆರ್ (ಜೋಡಿಯಿಲ್ಲದ ಎಲೆಕ್ಟ್ರಾನುಗಳನ್ನು ಪತ್ತೆಹಚ್ಚುವ ವಿಧಾನ) ಇದೆ, ಅದರ ಸಂಕೇತ ಜಿ ಮೌಲ್ಯ 1.93ರ ಹತ್ತಿರ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅಪಕರ್ಷಿತ ಮಾದರಿ ಗಾಳಿ ಕಂಡ ಕೆಲವೇ ಕ್ಷಣಗಳಲ್ಲಿ ಮೇಲ್ಮೈ ಮತ್ತೆ +6 ಆಗತೊಡಗುತ್ತದೆ. ಗ್ಲೋವ್ ಬಾಕ್ಸ್ ಅಥವಾ ಮುಚ್ಚಿದ ವರ್ಗಾವಣೆ ಪಾತ್ರೆ ಇಲ್ಲದೆ ತೆಗೆದ ರೋಹಿತದಿಂದ ಕ್ರಿಯೆಯ ಹೊತ್ತಿನ ಸ್ಥಿತಿಯನ್ನು ಊಹಿಸಲು ಬರುವುದಿಲ್ಲ. ಇಂಥ ಸೌಲಭ್ಯವಿರುವ ಉಪಕರಣ ನಗರದ ದೊಡ್ಡ ಸಂಸ್ಥೆಗಳಲ್ಲಿ ಎಲ್ಲಿದೆಯೆಂದು ವಿಚಾರಿಸಿ, ಸಮಯ ಮೊದಲೇ ಗೊತ್ತುಮಾಡಿಕೊಂಡು, ಆ ದಿನಕ್ಕೆ ಹೊಂದುವಂತೆ ಅಪಕರ್ಷಣೆ ಶುರುಮಾಡಿ.

ಹಂತ 5: ಹೆಕ್ಸೇನ್ ಹಾಯಿಸುವುದು

ಅಪಕರ್ಷಣೆ ಮುಗಿದ ಮೇಲೆ ಹೈಡ್ರೋಜನ್ ಹರಿವಿನಲ್ಲೇ 350 ಡಿಗ್ರಿಗೆ ಇಳಿಸಿ. ರಾತ್ರಿಯಿಡೀ ನೈಟ್ರೋಜನ್‌ನಲ್ಲಿ ಬಿಟ್ಟು ಬೆಳಿಗ್ಗೆ ಮುಂದುವರಿಸುವ ಅಭ್ಯಾಸ ಬೇಡ. ನೈಟ್ರೋಜನ್‌ನಲ್ಲಿ ಹತ್ತು ಪಿಪಿಎಂ ಆಕ್ಸಿಜನ್ ಇದ್ದರೂ ನಿಮಿಷಕ್ಕೆ 30 ಮಿ.ಲೀ. ಹರಿವಿನಲ್ಲಿ 12 ಗಂಟೆಗೆ ಸುಮಾರು 10 ಮೈಕ್ರೋಮೋಲ್ ಆಕ್ಸಿಜನ್ ಅಣುಗಳು ಹಾಸಿಗೆಯನ್ನು ತಲುಪುತ್ತವೆ, ಮತ್ತು ಅವು ಹಿಡಿಯುವುದು ಮೇಲ್ಮೈಯನ್ನೇ.

ಹೆಕ್ಸೇನ್ ಬಬ್ಲರನ್ನು ಮಂಜುಗಡ್ಡೆ-ನೀರಿನಲ್ಲಿ ಇಡಿ. ಶೂನ್ಯ ಡಿಗ್ರಿಯಲ್ಲಿ ಹೆಕ್ಸೇನಿನ ಆವಿ ಒತ್ತಡ ಸುಮಾರು 6.0 ಕಿಲೋಪಾಸ್ಕಲ್. ಇಲ್ಲಿ ನಮ್ಮ ಊರಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವುದರಿಂದ ವಾತಾವರಣದ ಒತ್ತಡ 101.3ರ ಬದಲು 91 ಕಿಲೋಪಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ. ಆವಿ ಒತ್ತಡ ತಾಪವನ್ನಷ್ಟೇ ಅವಲಂಬಿಸುವ ಕಾರಣ, ಪುಸ್ತಕದ ಲೆಕ್ಕದಲ್ಲಿ ಶೇ 5.9 ಇರಬೇಕಾದ ಹೆಕ್ಸೇನ್ ಇಲ್ಲಿ ಶೇ 6.6 ಆಗಿರುತ್ತದೆ. ನಿಮಿಷಕ್ಕೆ 30 ಮಿ.ಲೀ. ಹೈಡ್ರೋಜನ್ ಎಂದು ನಿಯಂತ್ರಕ ತೋರಿಸುವಾಗ ಅದು ಪ್ರಮಾಣಿತ ಸ್ಥಿತಿಯ ಅಳತೆ, ಅಂದರೆ 1.34 ಮಿಲಿಮೋಲ್, ಅದರೊಡನೆ ಹೊರಡುವ ಹೆಕ್ಸೇನ್ ಸುಮಾರು 0.095 ಮಿಲಿಮೋಲ್, ಗಂಟೆಗೆ ಅರ್ಧ ಗ್ರಾಂಗೆ ತುಸು ಕಡಿಮೆ. ಸಮುದ್ರಮಟ್ಟದ ಒತ್ತಡ ಹಾಕಿ ಲೆಕ್ಕ ಮಾಡಿದರೆ ಇದು ಶೇ 10ಕ್ಕಿಂತ ಹೆಚ್ಚು ತಪ್ಪುತ್ತದೆ. ಮಂಗಳೂರಿನಲ್ಲಿರುವ ಗೆಳೆಯರು ಇದೇ ಬಬ್ಲರ್‌ನಿಂದ ಬೇರೆ ವೇಗ ಪಡೆದರೆ ಕ್ರಿಯಾವರ್ಧಕವನ್ನು ದೂರುವ ಮೊದಲು ಒತ್ತಡಮಾಪಕ ನೋಡಬೇಕು. ಹಾಸಿಗೆಯ ತಡೆಯಿಂದ ಬಬ್ಲರಿನೊಳಗಿನ ಒತ್ತಡವೂ ತುಸು ಏರಿರುತ್ತದೆ, ಆದ್ದರಿಂದ ಮಾಪಕವನ್ನು ಅಲ್ಲೇ ಜೋಡಿಸಿ.

ಬಬ್ಲರ್ ದಾಟಿದ ಕೊಳವೆಯನ್ನು ಕ್ರೊಮ್ಯಾಟೋಗ್ರಾಫ್‌ವರೆಗೆ 110 ಡಿಗ್ರಿಯಲ್ಲಿ ಬೆಚ್ಚಗಿಡಿ. ಖಾಲಿ ಕೊಳವೆ, ಬರೀ ಸಿಲಿಕಾನ್ ಕಾರ್ಬೈಡ್, ಮತ್ತು ಅದೇ ರೀತಿ ಅಪಕರ್ಷಿಸಿದ ಬರೀ ಟೈಟಾನಿಯಾ ಇವುಗಳ ಮೇಲೆ ಮೊದಲು ಹೆಕ್ಸೇನ್ ಹಾಯಿಸಿ ಖಾಲಿ ಓಟಗಳನ್ನು ಮುಗಿಸಿ. ಪರಿವರ್ತನೆ (ಕ್ರಿಯೆಗೊಳಗಾದ ಹೆಕ್ಸೇನಿನ ಪಾಲು) ಶೇ 10ರೊಳಗೆ ಇರುವಂತೆ ಹರಿವು ಹೊಂದಿಸಿ. ಹೆಚ್ಚಾದರೆ ಮೊದಲ ಉತ್ಪನ್ನಗಳೇ ಮತ್ತೆ ಕ್ರಿಯೆಗೊಳಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯದು. ಕ್ರಿಯಾವರ್ಧಕ ಮತ್ತು ಹರಿವು ಎರಡನ್ನೂ ದುಪ್ಪಟ್ಟು ಮಾಡಿದಾಗ ಪರಿವರ್ತನೆ ಬದಲಾಗದಿದ್ದರೆ, ಕಣದ ಹೊರಗಿನ ಅನಿಲ ಸಾಗಣೆ ಅಡ್ಡಿಯಾಗಿಲ್ಲ ಎಂದರ್ಥ.

ಹಂತ 6: ಉತ್ಪನ್ನಗಳನ್ನು ಓದುವುದು

ಸೆಲೆಕ್ಟಿವಿಟಿಯನ್ನು (ಪರಿವರ್ತಿತ ಹೆಕ್ಸೇನಿನಲ್ಲಿ ಪ್ರತಿ ಉತ್ಪನ್ನಕ್ಕೆ ಹೋದ ಪಾಲನ್ನು) ಕಾರ್ಬನ್ ಆಧಾರದ ಮೇಲೆ ಲೆಕ್ಕಹಾಕಿ: ಪ್ರತಿ ಉತ್ಪನ್ನದ ಮೋಲ್ ಸಂಖ್ಯೆಯನ್ನು ಅದರ ಕಾರ್ಬನ್ ಸಂಖ್ಯೆಯಿಂದ ಗುಣಿಸಿ, ಪರಿವರ್ತಿತ ಹೆಕ್ಸೇನಿನ ಒಟ್ಟು ಕಾರ್ಬನ್‌ನಿಂದ ಭಾಗಿಸಬೇಕು. ಹಾಗೆ ಮಾಡದಿದ್ದರೆ ಒಂದು ಹೆಕ್ಸೇನ್ ಎರಡು ಪ್ರೊಪೇನ್ ಆದಾಗ ಕಡಿತದ ಪಾಲು ಸುಳ್ಳೇ ದುಪ್ಪಟ್ಟಾಗುತ್ತದೆ.

ಮೀಥೇನ್ ಎಷ್ಟಿದೆ ಎಂದು ಮೊದಲು ನೋಡಿ. ಆಮ್ಲ ಸ್ಥಾನ ಸರಪಳಿ ಕಡಿದರೆ ಮೀಥೇನ್ ಬರುವುದು ತೀರ ಅಪರೂಪ. ಲೋಹ ಕಡಿದರೆ ಧಾರಾಳವಾಗಿ ಬರುತ್ತದೆ. ಅಪಕರ್ಷಣ ತಾಪ ಏರಿಸಿದಂತೆ ಮೀಥೇನ್ ಏರುತ್ತ ಹೋದರೆ ಲೋಹ ಮೂಡತೊಡಗಿದೆ. 2-ಮೀಥೈಲ್ ಮತ್ತು 3-ಮೀಥೈಲ್ ಪೆಂಟೇನ್‌ಗಳು ಮುಖ್ಯ ಉತ್ಪನ್ನಗಳಾಗಿದ್ದು ಮೀಥೇನ್ ಅತ್ಯಲ್ಪವಾಗಿದ್ದರೆ ಎರಡೂ ಗುಣಗಳು ಹದವಾಗಿ ಕೂಡಿವೆ. ಹೆಕ್ಸೀನ್‌ಗಳು ಗಮನಾರ್ಹವಾಗಿ ಹೊರಬರುತ್ತಿದ್ದರೆ ಹೈಡ್ರೋಜನ್ ತೆಗೆಯುವ ಸ್ಥಾನಗಳಿವೆ, ಆದರೆ ಅವುಗಳಿಗೆ ತಕ್ಕಷ್ಟು ಆಮ್ಲ ಸ್ಥಾನಗಳಿಲ್ಲ. ಬೆಂಜೀನ್ ಕಂಡರೆ ತಾಪ ಹೆಚ್ಚಾಯಿತೆಂದು ತಿಳಿಯಿರಿ.

ಎರಡು ಗುಣಗಳಿವೆ ಎಂಬ ಮಾತನ್ನು ಹೇಳುವ ಮುನ್ನ ಬೇರ್ಪಡಿಸಿ ತೋರಿಸಬೇಕು. ಕ್ರಿಯೆ ಸ್ಥಿರವಾಗಿ ನಡೆಯುತ್ತಿರುವಾಗ ಸಿರಿಂಜ್‌ನಿಂದ, ಆಮ್ಲ ಸ್ಥಾನಗಳಿಗೆ ಅಂಟಿಕೊಂಡು ಅವನ್ನು ಮುಚ್ಚುವ ಪಿರಿಡೀನಿನ ಸಣ್ಣ ಪ್ರಮಾಣಗಳನ್ನು ಬಿಟ್ಟುಬಿಟ್ಟು ಚುಚ್ಚಿ. ಮೀಥೈಲ್ ಪೆಂಟೇನ್‌ಗಳು ಇಳಿದು ಹೆಕ್ಸೀನ್ ಉಳಿದರೆ ಅಥವಾ ಏರಿದರೆ, ಕೆಡುತ್ತಿರುವುದು ಆಮ್ಲದ ಕೈ. ಬೇರೆ ಮಾದರಿಯ ಮೇಲೆ ಸೈಕ್ಲೊಹೆಕ್ಸೇನನ್ನು ಹಾಯಿಸಿ ಬೆಂಜೀನ್ ಬರುವುದನ್ನು ಅಳೆದರೆ ಲೋಹದ ಗುಣಕ್ಕೆ, 1-ಹೆಕ್ಸೀನ್ ಹಾಯಿಸಿ ಅಸ್ಥಿಪಂಜರ ಬದಲಾಗುವುದನ್ನು ಅಳೆದರೆ ಆಮ್ಲದ ಗುಣಕ್ಕೆ ಪ್ರತ್ಯೇಕ ಅಳತೆ ಸಿಗುತ್ತದೆ. ಒಂದು ಮಾದರಿಯಲ್ಲಿ ಮೊದಲ ಗಂಟೆಗಳಲ್ಲಿ ಚಟುವಟಿಕೆ ಇಳಿಯದೆ ಏರುತ್ತ ಹೋದರೆ, ಹೆಕ್ಸೇನಿನ ಕಾರ್ಬನ್ ಒಳಗೆ ಸೇರಿ ಆಕ್ಸಿಕಾರ್ಬೈಡ್ ರೂಪುಗೊಳ್ಳುತ್ತಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಿ. ಅಂಥ ಮಾದರಿಯ ಫಲಿತಾಂಶವನ್ನು ಆಕ್ಸೈಡ್‌ನ ಖಾತೆಗೆ ಬರೆಯಬಾರದು.

ಹಂತ 7: ನಿಲ್ಲಿಸುವುದು ಮತ್ತು ಹೊರತೆಗೆಯುವುದು

ಹೆಕ್ಸೇನ್ ನಿಲ್ಲಿಸಿ, ಅದೇ ತಾಪದಲ್ಲಿ ಅರ್ಧ ಗಂಟೆ ಹೈಡ್ರೋಜನ್ ಹರಿಸಿ, ಹೈಡ್ರೋಜನ್‌ನಲ್ಲೇ 100 ಡಿಗ್ರಿಯ ಕೆಳಗಿಳಿಸಿ, ಆಮೇಲೆ ನೈಟ್ರೋಜನ್‌ಗೆ ಬದಲಾಯಿಸಿ. ಅಪಕರ್ಷಿತ ಪುಡಿಯನ್ನು ಒಮ್ಮೆಲೇ ಗಾಳಿಗೆ ಒಡ್ಡಿದರೆ ತಾನಾಗಿ ಬಿಸಿಯೇರಬಹುದು, ಒಮ್ಮೊಮ್ಮೆ ಕೆಂಡವಾಗಬಹುದು. ಕೋಣೆಯ ತಾಪದಲ್ಲಿ ನೈಟ್ರೋಜನ್‌ನಲ್ಲಿ ಶೇ 1 ಆಕ್ಸಿಜನ್ ಇರುವ ಅನಿಲವನ್ನು ಒಂದೆರಡು ಗಂಟೆ ಹಾಯಿಸಿ ಮೇಲ್ಮೈಯನ್ನು ತಣ್ಣಗೆ ಮುಚ್ಚಿದ ಮೇಲೆ ಕೊಳವೆ ಬಿಚ್ಚಿ. ಕಾರ್ಬನ್ ಕೂತ ಮಾದರಿಯನ್ನು ಗಾಳಿಯಲ್ಲಿ 450ರಿಂದ 500 ಡಿಗ್ರಿಯಲ್ಲಿ ಸುಟ್ಟು ಮತ್ತೆ ಬಳಸಲು ಸಾಧ್ಯವಿದೆ. ಸುಟ್ಟಾಗ ಅದು ಪೂರ್ತಿ ಟ್ರೈಆಕ್ಸೈಡ್‌ಗೆ ಮರಳುವುದರಿಂದ ಅಪಕರ್ಷಣೆಯನ್ನು ಹಂತ 3ರಿಂದ ಪುನಃ ಮಾಡಬೇಕು, ಮತ್ತು ದಾಖಲೆಯ ಪುಸ್ತಕದಲ್ಲಿ ಆ ಮಾದರಿಗೆ ಹೊಸ ಸಂಖ್ಯೆ ಕೊಟ್ಟು ಹಿಂದಿನ ಓಟದ ಸಂಖ್ಯೆಯನ್ನು ಅದರ ಪಕ್ಕದಲ್ಲೇ ಬರೆದಿಡಬೇಕು.